ಹಳೇ ಪಿಕಪ್‌ನ ವೈರಿಂಗ್: ರಿಪೇರಿ ಸಾಕಾ, ಪೂರ್ತಿ ಬದಲಿಸಬೇಕಾ?

ಪ್ರಶ್ನೆ: ನನ್ನದು ಹಳೇ ಪಿಕಪ್. ಇಂಡಿಕೇಟರ್ ಹಾಕಿದಾಗ ಬ್ರೇಕ್ ಒತ್ತಿದರೆ ಹಿಂದಿನ ಲೈಟುಗಳೆಲ್ಲ ಒಟ್ಟಿಗೆ ಮಿಣುಕುತ್ತವೆ. ಹೆಡ್‌ಲೈಟ್ ತುಂಬಾ ಮಂದ. ಗುಂಡಿ ಬಿದ್ದ ರಸ್ತೆಯಲ್ಲಿ ಹೋದರೆ ಟೇಲ್ ಲ್ಯಾಂಪಿನ ಫ್ಯೂಸ್ ಸುಡುತ್ತದೆ. ಎಲೆಕ್ಟ್ರಿಷಿಯನ್ ನೋಡಿ, ‘ವೈರಿಂಗ್ ಪೂರ್ತಿ ಹೋಗಿದೆ, ಹೊಸ ಹಾರ್ನೆಸ್ (ಗಾಡಿಯ ವೈರುಗಳ ಕಟ್ಟು) ಹಾಕಿಸಿ’ ಅಂದರು. ನಿಜವಾಗಿ ಬೇಕಾ?

ಉತ್ತರ: ನೀವು ಬರೆದಿರುವುದನ್ನು ನೋಡಿದರೆ ಸದ್ಯಕ್ಕೆ ಬೇಡ. ಇವು ಮೂರೂ ಒಂದೇ ಕಾರಣಕ್ಕೆ ಬಂದ ತೊಂದರೆಗಳಲ್ಲ. ಬೇರೆ ಬೇರೆಯಾಗಿ ಹಿಡಿದರೆ ಒಂದೊಂದೂ ಸಣ್ಣ ಕೆಲಸ.

ಮೊದಲು ಮಿಣುಕುವ ಲೈಟು. ಇದು ಹೆಚ್ಚುಕಮ್ಮಿ ಖಚಿತವಾಗಿ ಅರ್ಥಿಂಗ್ ತೊಂದರೆ, ಅಂದರೆ ಕರೆಂಟು ಗಾಡಿಯ ಚಾಸಿ (ಅಡಿಯ ಕಬ್ಬಿಣದ ಚೌಕಟ್ಟು) ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ಜೋಡಣೆಯದು. ಹಿಂದಿನ ಲ್ಯಾಂಪಿನಲ್ಲಿ ಬ್ರೇಕ್, ಪಾರ್ಕಿಂಗ್, ಇಂಡಿಕೇಟರ್ ಮೂರಕ್ಕೂ ಅರ್ಥಿಂಗ್ ಒಂದೇ. ಅದು ತುಕ್ಕು ಹಿಡಿದು ಬಿಟ್ಟುಕೊಂಡರೆ ಕರೆಂಟಿಗೆ ಬ್ಯಾಟರಿಗೆ ವಾಪಸ್ ಹೋಗಲು ದಾರಿ ಇರುವುದಿಲ್ಲ. ಆಗ ಅದು ಪಕ್ಕದ ಬಲ್ಬಿನ ಫಿಲಮೆಂಟ್ ಮೂಲಕ ನುಗ್ಗುತ್ತದೆ. ಬ್ರೇಕ್ ಒತ್ತಿದರೆ ಉರಿಯಬಾರದ ಬಲ್ಬು ಮಂಕಾಗಿ ಉರಿಯುವುದು ಇದಕ್ಕೇ. ಲ್ಯಾಂಪಿನ ಅರ್ಥಿಂಗ್ ವೈರು ಚಾಸಿಗೆ ಸೇರುವ ಬೋಲ್ಟ್ ಬಿಚ್ಚಿ. ಬಣ್ಣ, ತುಕ್ಕು ಎಲ್ಲ ಹೋಗಿ ಕಬ್ಬಿಣ ಹೊಳೆಯುವ ತನಕ ಉಜ್ಜಿ, ಹೊಸ ಟರ್ಮಿನಲ್ ಹಾಕಿ ಬಿಗಿ ಮಾಡಿ. ಬಿಗಿಯಾದ ಮೇಲೆ ಹೊರಗಿನಿಂದ ಗ್ರೀಸ್ ಸವರಿ. ಹಾರ್ನೆಸ್ ಹೋಯಿತು ಅಂತ ಬರುವ ಗಾಡಿಗಳಲ್ಲಿ ಅರ್ಥಿಂಗ್ ಒಂದನ್ನೇ ಸರಿ ಮಾಡಿ ಕಳಿಸಿದ್ದು ಜಾಸ್ತಿ.

ಕೆಲಸ ಆದ ಮೇಲೆ ಮಲ್ಟಿಮೀಟರ್ ಹಿಡಿದು ನೋಡಲೇಬೇಕು. ಆದರೆ ವೈರು ತುಂಡಾಗಿಲ್ಲ ಅಂತ ಅದು ಮಾಡುವ ‘ಬೀಪ್’ ಶಬ್ದ ನಂಬಬೇಡಿ. ಇಪ್ಪತ್ತು ಎಳೆಗಳ ವೈರಿನಲ್ಲಿ ಹತ್ತೊಂಬತ್ತು ತುಂಡಾಗಿ ಒಂದು ಉಳಿದಿದ್ದರೂ ಮೀಟರ್ ಬೀಪ್ ಅನ್ನುತ್ತದೆ. ಮೀಟರ್ ಕಳಿಸುವ ಕರೆಂಟು ಅಷ್ಟು ಕಡಿಮೆ. ಬಲ್ಬ್ ಹಾಕಿದ ತಕ್ಷಣ ಆ ಒಂದು ಎಳೆ ತಡೆಯುವುದಿಲ್ಲ. ಹಾಗಾಗಿ ಲೈಟು ಉರಿಯುತ್ತಿರುವಾಗಲೇ ವೋಲ್ಟ್ ಅಳೆಯಿರಿ. ಮೀಟರಿನ ಒಂದು ತುದಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಲ್ಯಾಂಪಿನ ಅರ್ಥಿಂಗ್‌ಗೆ. ಹಿಂದಿನ ತನಕ ಮುಟ್ಟಲು ಒಂದು ಉದ್ದದ ವೈರು ಜೋಡಿಸಿಕೊಳ್ಳಿ. 0.2 ವೋಲ್ಟ್ ಒಳಗೆ ಬಂದರೆ ಅರ್ಥಿಂಗ್ ಚೆನ್ನಾಗಿದೆ. ಒಂದು ವೋಲ್ಟ್ ಬಂದರೆ ಇನ್ನೂ ಎಲ್ಲೋ ಕೊಳೆ ಇದೆ. ಇದೇ ರೀತಿ ಬ್ಯಾಟರಿಯ ಪ್ಲಸ್‌ನಿಂದ ಬಲ್ಬಿನ ಲೈನಿನ ತನಕ ಅಳೆದರೆ 0.5 ವೋಲ್ಟ್ ಮೀರಬಾರದು.

ಈಗ ಹೆಡ್‌ಲೈಟ್. ಬಲ್ಬಿಗೆ ತಲುಪುವ ವೋಲ್ಟೇಜ್ ಶೇ 10ರಷ್ಟು ಕಡಿಮೆಯಾದರೆ ಬೆಳಕು ಸುಮಾರು ಶೇ 30ರಷ್ಟು ಬೀಳುತ್ತದೆ. ಹಾಗಾಗಿ ವೈರಿನ ದಾರಿಯಲ್ಲಿ ವೋಲ್ಟೇಜ್ ಸ್ವಲ್ಪ ಸೋರಿದರೂ ಕಣ್ಣಿಗೆ ಕಾಣುತ್ತದೆ. ಎಷ್ಟೋ ಹಳೇ ಪಿಕಪ್‌ಗಳಲ್ಲಿ ಹೆಡ್‌ಲೈಟಿನ ಪೂರ್ತಿ ಕರೆಂಟು ಡ್ಯಾಶ್‌ಬೋರ್ಡಿನ ಸ್ವಿಚ್ ಮೂಲಕವೇ ಹೋಗುತ್ತದೆ. 60 ವಾಟಿನ ಎರಡು ಬಲ್ಬು ಅಂದರೆ 10 ಆಂಪಿಯರ್. ವರ್ಷಗಟ್ಟಲೆ ಇದನ್ನು ಹೊತ್ತು ಸ್ವಿಚ್ಚಿನ ಪಾಯಿಂಟು ಸುಟ್ಟಿರುತ್ತದೆ, ಕಪ್ಲರ್ (ವೈರುಗಳನ್ನು ಜೋಡಿಸುವ ಪ್ಲಾಸ್ಟಿಕ್ ಪ್ಲಗ್) ಕಂದು ಬಣ್ಣಕ್ಕೆ ತಿರುಗಿರುತ್ತದೆ. ಇದಕ್ಕೆ ಮದ್ದು ರಿಲೇ, ಅಂದರೆ ಸ್ವಿಚ್ಚಿನ ಸಣ್ಣ ಕರೆಂಟಿನಿಂದ ಬಲ್ಬಿನ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಡಬ್ಬಿ. ಬ್ಯಾಟರಿಯಿಂದ ಫ್ಯೂಸ್ ಮೂಲಕ ದಪ್ಪ ವೈರು ತಂದು ರಿಲೇಯಲ್ಲಿ 30 ಅಂತ ಬರೆದ ಪಿನ್ನಿಗೆ ಕೊಡಿ. 87ರಿಂದ ಬಲ್ಬಿಗೆ. ಹಳೇ ಸ್ವಿಚ್ಚಿನ ವೈರು 86ಕ್ಕೆ, 85 ಅರ್ಥಿಂಗ್‌ಗೆ. ಹೈ ಬೀಮಿಗೊಂದು, ಲೋ ಬೀಮಿಗೊಂದು ರಿಲೇ ಇರಲಿ. ಅರ್ಥಿಂಗ್ ಕಡೆ ಸ್ವಿಚ್ ಮಾಡುವ ಗಾಡಿಗಳೂ ಇವೆ. ಅವಕ್ಕೆ ಜೋಡಣೆ ಬೇರೆ, ಮೊದಲು ಅದನ್ನು ನೋಡಿಕೊಳ್ಳಿ.

ಇನ್ನು ಫ್ಯೂಸ್. ಗುಂಡಿಯಲ್ಲಿ ಮಾತ್ರ ಸುಡುತ್ತದೆ ಅಂದರೆ ವೈರು ಎಲ್ಲೋ ಲೋಹಕ್ಕೆ ಉಜ್ಜುತ್ತಿದೆ. ಪಿಕಪ್‌ನಲ್ಲಿ ಹಿಂದಕ್ಕೆ ಹೋಗುವ ವೈರು ಚಾಸಿಯ ಪಕ್ಕದಲ್ಲಿ, ಲೋಡ್ ಬಾಡಿಯ ಅಡಿಯಲ್ಲಿ ಹೋಗುತ್ತದೆ. ಕೆಸರು, ನೀರು, ಕಲ್ಲಿನೇಟು ಎಲ್ಲ ಅದಕ್ಕೇ. ಕ್ಲಿಪ್ ಕಿತ್ತು ಜೋತು ಬಿದ್ದ ಜಾಗ, ಚಾಸಿಯ ತೂತಿನಲ್ಲಿ ನುಸುಳುವ ಜಾಗ, ಕ್ಯಾಬಿನ್ ಮತ್ತು ಬಾಡಿಯ ಮಧ್ಯದ ಜಾಗ, ಈ ಮೂರನ್ನು ಟಾರ್ಚ್ ಹಿಡಿದು ನೋಡಿ. ಒಬ್ಬರು ಕೆಳಗೆ ಮಲಗಿ ವೈರನ್ನು ಗೇಣುಗೇಣಾಗಿ ಅಲುಗಾಡಿಸಲಿ. ಫ್ಯೂಸ್ ತೆಗೆದು ಅದರ ಜಾಗದಲ್ಲಿ 21 ವಾಟಿನ ಬಲ್ಬೊಂದನ್ನು ಸಿಕ್ಕಿಸಿ, ಟೇಲ್ ಲ್ಯಾಂಪಿನ ಬಲ್ಬುಗಳನ್ನು ಕಳಚಿ, ಸ್ವಿಚ್ ಆನ್ ಮಾಡಿ. ಶಾರ್ಟ್ ಆದ ಕ್ಷಣ ಆ ಬಲ್ಬು ಜೋರಾಗಿ ಉರಿಯುತ್ತದೆ. ಫ್ಯೂಸ್ ಮೇಲೆ ಫ್ಯೂಸ್ ಸುಡುವುದು ತಪ್ಪುತ್ತದೆ.

ಹಾಗಾದರೆ ಪೂರ್ತಿ ಬದಲಿಸುವುದು ಯಾವಾಗ? ನಾನು ತಾಮ್ರವನ್ನು ಕೇಳುತ್ತೇನೆ. ಕೆಟ್ಟ ಜಾಗದಿಂದ ಒಂದು ಗೇಣು ಹಿಂದೆ ವೈರು ಸುಲಿದು ನೋಡಿ. ತಾಮ್ರ ಹೊಳೆಯುತ್ತಿದ್ದರೆ ಅಲ್ಲಿಂದ ಹೊಸ ವೈರು ಸೇರಿಸಿದರೆ ಸಾಕು. ಹಸಿರು ಕಿಲುಬು ಅಥವಾ ಕಪ್ಪು ಬಣ್ಣ ಇದ್ದರೆ ಇನ್ನೂ ಹಿಂದೆ ಹೋಗಿ, ಯಾಕೆಂದರೆ ನೀರು ಪ್ಲಾಸ್ಟಿಕ್ಕಿನ ಒಳಗೇ ಎಳೆಗಳ ಗುಂಟ ಹತ್ತಿಕೊಂಡು ಹೋಗುತ್ತದೆ. ಸುಲಿಯುತ್ತಾ ಹೋದ ಹಾಗೆ ಕಪ್ಪೇ ಸಿಗುತ್ತಿದ್ದರೆ ಆ ಕವಲನ್ನು ಪೂರ್ತಿ ಬದಲಿಸಿ. ಇನ್ನೊಂದು ಪರೀಕ್ಷೆ: ಇಂಜಿನ್ ಹತ್ತಿರದ ವೈರನ್ನು ಬೆರಳಿಗೆ ಸುತ್ತಿ. ಮೇಲಿನ ಪ್ಲಾಸ್ಟಿಕ್ ಹಪ್ಪಳದ ಹಾಗೆ ಮುರಿದರೆ ಅದರ ಆಯಸ್ಸು ಮುಗಿದಿದೆ. ಹಾರ್ನೆಸ್ ಅಂದರೆ ಒಂದೇ ತುಂಡಲ್ಲ. ಇಂಜಿನ್ನಿನದು, ಡ್ಯಾಶ್‌ಬೋರ್ಡಿನದು, ಹಿಂದಿನದು ಅಂತ ಭಾಗಗಳಿವೆ. ಹಿಂದಿನದು ಕೊಳೆತಿದ್ದಕ್ಕೆ ಡ್ಯಾಶ್‌ಬೋರ್ಡ್ ಬಿಚ್ಚುವ ಅಗತ್ಯ ಇಲ್ಲ. ಹಿಂದಿನ ಮಾಲೀಕರು ಎಲ್ಲ ಕಡೆ ಒಂದೇ ಕೆಂಪು ವೈರು ಹಾಕಿ, ಅಲ್ಲಲ್ಲಿ ತಿರುಚಿ, ಟೇಪ್ ಸುತ್ತಿ ಬಿಟ್ಟಿದ್ದರೆ ಮಾತ್ರ ನಾನೂ ಎಲೆಕ್ಟ್ರಿಷಿಯನ್ ಪಕ್ಷ. ಅಂಥದ್ದನ್ನು ಬಿಡಿಸುವುದಕ್ಕಿಂತ ಹೊಸದು ಹಾಕುವುದೇ ಬೇಗ ಆಗುತ್ತದೆ.

ಪ್ರಶ್ನೆ: ಹೊಸ ಹಾರ್ನೆಸ್ ತಂದಿದ್ದೇನೆ. ನಾನೇ ಹಾಕಬಹುದಾ? ಏನು ಗಮನಿಸಬೇಕು?

ಉತ್ತರ: ತಾಳ್ಮೆ ಇದ್ದರೆ ಹಾಕಬಹುದು. ಏರ್‌ಬ್ಯಾಗ್ ಇರುವ ಗಾಡಿಯಾದರೆ ಅದರ ಹಳದಿ ವೈರುಗಳನ್ನು ಮಾತ್ರ ನೀವು ಮುಟ್ಟಬೇಡಿ, ಗೊತ್ತಿರುವವರಿಗೆ ಬಿಡಿ.

ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿ. ಹಳೇದನ್ನು ತೆಗೆಯುವ ಮುಂಚೆ ಪ್ರತಿ ಕಪ್ಲರಿನ ಫೋಟೋ ತೆಗೆದು, ಚೀಟಿ ಕಟ್ಟಿ. ಕತ್ತರಿಸಿ ಎಳೆಯಬೇಡಿ. ಇಡಿಯಾಗಿ ಹೊರತೆಗೆದು, ನೆಲದ ಮೇಲೆ ಹೊಸದರ ಪಕ್ಕ ಹರಡಿ, ಕವಲಿನಿಂದ ಕವಲಿಗೆ ಹೋಲಿಸಿ. ಒಂದೇ ಮಾದರಿ ಅಂತ ಕೊಟ್ಟಿದ್ದರಲ್ಲೂ ಒಂದು ಕಪ್ಲರ್ ಬೇರೆ ಇರುತ್ತದೆ. ಅದು ನೆಲದ ಮೇಲೆ ಗೊತ್ತಾದರೆ ಒಳ್ಳೆಯದು, ಡ್ಯಾಶ್‌ಬೋರ್ಡಿನ ಅಡಿ ತಲೆ ತೂರಿಸಿಕೊಂಡಾಗ ಅಲ್ಲ.

ಇಂಜಿನ್ ಕೋಣೆಯಲ್ಲಿ ವೈರಿನಂತೆಯೇ ಕಾಣುವ ಫ್ಯೂಸಿಬಲ್ ಲಿಂಕ್ ಹುಡುಕಿ. ಅದು ಕಾಯುವ ವೈರಿಗಿಂತ ಅದರ ತಾಮ್ರ ಸಣ್ಣದು, ಅರ್ಧಕ್ಕಿಂತ ಕಡಿಮೆ. ದೊಡ್ಡ ಶಾರ್ಟ್ ಆದರೆ ಮೊದಲು ಅದೇ ಸುಡಬೇಕು. ಎಳೆದು ನೋಡಿದಾಗ ರಬ್ಬರಿನಂತೆ ಹಿಗ್ಗಿದರೆ ಒಳಗೆ ಸುಟ್ಟಿದೆ ಅಂತ. ಅದರ ಜಾಗಕ್ಕೆ ಮಾಮೂಲಿ ವೈರು ಹಾಕಿದವರ ಗಾಡಿಯಲ್ಲಿ ಬೆಂಕಿ ತಡೆಯುವುದಕ್ಕೆ ಏನೂ ಇಲ್ಲ. ಡ್ಯಾಶ್‌ಬೋರ್ಡಿನಲ್ಲಿ ಆಂಪಿಯರ್ ಮೀಟರ್ ಇರುವ ಹಳೇ ಗಾಡಿಯಾದರೆ ಇನ್ನೂ ಒಂದು ಜಾಗ ನೋಡಿ. ಅವುಗಳಲ್ಲಿ ಚಾರ್ಜಿಂಗ್ ಕರೆಂಟು ಕ್ಯಾಬಿನ್ನಿನ ಒಳಗೆ ಬಂದು ಮತ್ತೆ ಹೊರಗೆ ಹೋಗುತ್ತದೆ. ಅದು ಇಂಜಿನ್ ಮತ್ತು ಕ್ಯಾಬಿನ್ ನಡುವಿನ ಗೋಡೆ ದಾಟುವ ಕಪ್ಲರ್ ಕರಗಿರುವುದು ತೀರಾ ಮಾಮೂಲು.

ಎಳೆಯುವಾಗ ಸೈಲೆನ್ಸರ್ ಪೈಪಿನಿಂದ ದೂರ ಇರಲಿ. ಗೋಡೆ ದಾಟುವ ಪ್ರತಿ ತೂತಿಗೂ ರಬ್ಬರ್ ಗ್ರೋಮೆಟ್ (ತೂತಿನ ಅಂಚಿಗೆ ಹಾಕುವ ಬಳೆ) ಬೇಕೇ ಬೇಕು. ಇಂಜಿನ್ ಅದುರುತ್ತದೆ, ಕ್ಯಾಬಿನ್ ಮತ್ತು ಬಾಡಿ ಬೇರೆ ಬೇರೆಯಾಗಿ ಕುಲುಕುತ್ತವೆ. ಆ ಎರಡೂ ಕಡೆ ವೈರು ಸ್ವಲ್ಪ ಸಡಿಲ ಬಿಡಿ.

ಕೊನೆಗೆ ಬ್ಯಾಟರಿ ಜೋಡಿಸುವಾಗ ಸುಮ್ನೆ ಟರ್ಮಿನಲ್ ಬಿಗಿದುಬಿಡಬೇಡಿ. ಫ್ಯೂಸ್‌ಗಳನ್ನೆಲ್ಲ ತೆಗೆದು, ಬಾಗಿಲು ಮುಚ್ಚಿ, ಎಲ್ಲ ಸ್ವಿಚ್ ಆಫ್ ಮಾಡಿ. ಬ್ಯಾಟರಿಯ ಮೈನಸ್‌ಗೂ ಕೇಬಲ್ಲಿಗೂ ನಡುವೆ ಮೇಲೆ ಹೇಳಿದ 21 ವಾಟಿನ ಬಲ್ಬನ್ನೇ ಸೇರಿಸಿ. ಉರಿಯಬಾರದು. ಉರಿದರೆ ಫ್ಯೂಸಿಗಿಂತ ಮುಂಚಿನ ಭಾಗದಲ್ಲೇ ತಪ್ಪಿದೆ. ಆಮೇಲೆ ಒಂದೊಂದೇ ಫ್ಯೂಸ್ ಹಾಕುತ್ತಾ ಬನ್ನಿ. ಯಾವುದನ್ನು ಹಾಕಿದಾಗ ಬಲ್ಬು ಜೋರಾಗಿ ಹತ್ತುತ್ತದೋ ಆ ಲೈನು ಹುಡುಕಿ. ಅಷ್ಟರಲ್ಲಿ ಹರಿಯುವುದು ಎರಡು ಆಂಪಿಯರಿಗಿಂತ ಕಡಿಮೆ, ಹೊಸ ವೈರು ಸುಡುವ ಭಯ ಇಲ್ಲ.

ಪ್ರಶ್ನೆ: ಜಾಯಿಂಟಿಗೆ ಬೆಸುಗೆ ಒಳ್ಳೆಯದೋ, ಕ್ರಿಂಪಿಂಗ್ ಒಳ್ಳೆಯದೋ?

ಉತ್ತರ: ಗಾಡಿಗೆ ಕ್ರಿಂಪಿಂಗ್, ಅಂದರೆ ಲೋಹದ ತುಣುಕನ್ನು ವೈರಿನ ಮೇಲೆ ಒತ್ತಿ ಬಿಗಿಯುವುದು. ಬೆಸುಗೆಯ ಸೀಸ ಎಳೆಗಳ ಒಳಗೆ ಏರಿ ವೈರನ್ನು ಕಡ್ಡಿ ಮಾಡುತ್ತದೆ. ಆ ಕಡ್ಡಿ ಮುಗಿಯುವ ಜಾಗದಲ್ಲೇ ಅದುರಿ ಅದುರಿ ತುಂಡಾಗುತ್ತದೆ. ಬೆಸುಗೆ ಹಾಕಲೇಬೇಕಾದರೆ ಆ ಜಾಗ ಅಲುಗಾಡದ ಹಾಗೆ ಕಟ್ಟಿ, ಆ್ಯಸಿಡ್ ಫ್ಲಕ್ಸ್ (ಬೆಸುಗೆ ಹಿಡಿಯಲು ಹಚ್ಚುವ ಆ್ಯಸಿಡ್ ಪದಾರ್ಥ) ಬಳಸಬೇಡಿ. ಕ್ರಿಂಪಿಂಗಿಗೆ ಸರಿಯಾದ ಇಕ್ಕಳ ಬೇಕು. ಮಾಮೂಲಿ ಪ್ಲೈಯರಿನಿಂದ ಚಪ್ಪಟೆ ಮಾಡಿದ್ದು ಕ್ರಿಂಪಿಂಗ್ ಅಲ್ಲ. ಮುಗಿದ ಮೇಲೆ ಕೈಯಲ್ಲಿ ಜಗ್ಗಿ ನೋಡಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್ (ಬಿಸಿಗೆ ಕುಗ್ಗುವ ಕೊಳವೆ) ಹಾಕಿ ಬಿಸಿ ಮಾಡಿ. ತುದಿಯಲ್ಲಿ ಅಂಟು ಹೊರಬಂದರೆ ನೀರು ಹೋಗುವುದಿಲ್ಲ. ಹಲವು ಜಾಯಿಂಟ್ ಇದ್ದರೆ ಎಲ್ಲವೂ ಒಂದೇ ಜಾಗದಲ್ಲಿ ಗಂಟಾಗದಂತೆ ಹಿಂದೆ ಮುಂದೆ ಮಾಡಿ.

ಪ್ರಶ್ನೆ: 15 ಆಂಪಿಯರ್ ಫ್ಯೂಸ್ ಪದೇ ಪದೇ ಹೋಗುತ್ತದೆ. 30 ಹಾಕಬಹುದಾ?

ಉತ್ತರ: ಖಂಡಿತ ಬೇಡ. ಫ್ಯೂಸ್ ಇರುವುದು ವೈರನ್ನು ಕಾಯುವುದಕ್ಕೆ. 30 ಹಾಕಿದರೆ ಮೊದಲು ಸುಡುವುದು ವೈರು, ಅದೂ ಸೀಟಿನ ಅಡಿಯ ಕಾರ್ಪೆಟ್ ಕೆಳಗೆ. ಫ್ಯೂಸ್ ಹಾಕಿದ ಕೂಡಲೇ ಹೋಗುತ್ತಾ, ಸ್ವಲ್ಪ ಹೊತ್ತಿಗಾ, ಯಾವುದಾದರೂ ಸ್ವಿಚ್ ಹಾಕಿದಾಗಲಾ ಅಂತ ನೋಡಿ ಬರೆಯಿರಿ, ಎಲ್ಲಿ ಹುಡುಕಬೇಕು ಅಂತ ಹೇಳುತ್ತೇನೆ.