ಏರಿ ಇಳಿಯುವ ಸಂಖ್ಯೆ: 12345654321

ಪ್ರಶ್ನೆ: 11ನ್ನು 11ರಿಂದ ಗುಣಿಸಿದರೆ 121, 111ನ್ನು 111ರಿಂದ ಗುಣಿಸಿದರೆ 12321 ಬರುತ್ತದೆ. ನಮ್ಮ ಒಂಬತ್ತನೇ ತರಗತಿಯ ಮಕ್ಕಳು ಇದನ್ನೇ ಮುಂದುವರಿಸಿ, 111111ರ ವರ್ಗ 12345654321 ಎಂದು ಕಂಡುಕೊಂಡಿದ್ದಾರೆ. ಇದು ಆಕಸ್ಮಿಕವೇ? ಈ ಕ್ರಮ ಎಲ್ಲಿಯವರೆಗೆ ನಡೆಯುತ್ತದೆ?
– ಪ್ರೌಢಶಾಲಾ ಶಿಕ್ಷಕಿ, ಮಧುಗಿರಿ, ತುಮಕೂರು ಜಿಲ್ಲೆ

ಉತ್ತರ: ಆಕಸ್ಮಿಕವಲ್ಲ. ಕಾರಣ ತಿಳಿಯಲು ಮಕ್ಕಳು ಈ ಗುಣಾಕಾರವನ್ನು ಕ್ಯಾಲ್ಕುಲೇಟರ್ ಬಿಟ್ಟು ಕಾಗದದ ಮೇಲೆ ಮಾಡಬೇಕು. 111111 ಎಂಬ ಸಾಲನ್ನು ಒಂದರ ಕೆಳಗೊಂದರಂತೆ ಆರು ಸಲ, ಪ್ರತಿ ಸಲವೂ ಒಂದು ಸ್ಥಾನ ಎಡಕ್ಕೆ ಸರಿಸಿ ಬರೆದಾಗ, ಬಿಡಿಸ್ಥಾನದ ಕಂಬಸಾಲಿನಲ್ಲಿ ಒಂದು 1, ಹತ್ತರ ಸ್ಥಾನದಲ್ಲಿ ಎರಡು, ನೂರರ ಸ್ಥಾನದಲ್ಲಿ ಮೂರು ಹೀಗೆ ಏರುತ್ತಾ ನಡುವೆ ಆರು 1ಗಳು ಸೇರಿ, ಅಲ್ಲಿಂದ ಎಡಕ್ಕೆ ಮತ್ತೆ ಒಂದೊಂದೇ ಕಡಿಮೆಯಾಗುತ್ತವೆ. ಯಾವ ಸಾಲಿನ ಮೊತ್ತವೂ ಹತ್ತನ್ನು ಮುಟ್ಟದಿರುವುದರಿಂದ ದಶಕ ಹುಟ್ಟುವುದಿಲ್ಲ. ಎಣಿಕೆಯೇ ಅಂಕಿಯಾಗಿ ಉಳಿಯುತ್ತದೆ.

ಇದೇ ಕಾರಣದಿಂದ ಒಂಬತ್ತು 1ಗಳ ವರ್ಗವೂ 12345678987654321 ಎಂದು ಅಚ್ಚುಕಟ್ಟಾಗಿ ಬರುತ್ತದೆ. ಹತ್ತು 1ಗಳಾದರೆ ನಡುವಿನ ಮೊತ್ತ ಹತ್ತಾಗಿ, ದಶಕ ಎಡಕ್ಕೆ ಹೋಗಿ, 1234567900987654321 ಎಂಬ ಉತ್ತರ ಬರುತ್ತದೆ. ಕ್ರಮ ಅಲ್ಲಿಗೆ ಮುರಿಯುತ್ತದೆ.

ನಿಮ್ಮ ಮಕ್ಕಳು ಕಂಡ ಇದೇ ಸಂಖ್ಯೆಯನ್ನು ಕ್ರಿ.ಶ. 9ನೇ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ತನ್ನ ‘ಗಣಿತಸಾರಸಂಗ್ರಹ’ದಲ್ಲಿ ಕೊಟ್ಟಿದ್ದಾನೆಂಬುದನ್ನು ಅವರಿಗೆ ಅಗತ್ಯವಾಗಿ ಹೇಳಿ. ಹಾರದಂತೆ ಎರಡು ಕಡೆಯಿಂದಲೂ ಒಂದೇ ರೀತಿ ಕಾಣುವ ಗುಣಲಬ್ಧಗಳಲ್ಲಿ ಅವನಿಗೆ ವಿಶೇಷ ಆಸಕ್ತಿಯಿತ್ತು. ಆದರೆ ಅವನು ಇದನ್ನು 111111ರ ವರ್ಗವಾಗಿ ಅಲ್ಲ, 27994681 × 441 ಎಂಬ ಗುಣಾಕಾರವಾಗಿ ಮುಂದಿಡುತ್ತಾನೆ, ಮತ್ತು ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ಸೊಗಸು ಇಲ್ಲಿದೆ. 111111ರ ಅವಿಭಾಜ್ಯ ಅಪವರ್ತನಗಳು 3, 7, 11, 13 ಮತ್ತು 37. ಇವುಗಳಲ್ಲಿ 3 ಮತ್ತು 7ರ ಗುಣಲಬ್ಧ 21, ಅದರ ವರ್ಗ 441. ಉಳಿದ ಮೂರರ ಗುಣಲಬ್ಧ 5291, ಅದರ ವರ್ಗ 27994681. ಮೇಲ್ನೋಟಕ್ಕೆ ಒಂದಕ್ಕೊಂದು ಸಂಬಂಧವಿಲ್ಲದಂತೆ ಕಾಣುವ ಆ ಎರಡು ಸಂಖ್ಯೆಗಳೂ ಪೂರ್ಣ ವರ್ಗಗಳೇ. ಐದೂ ಅಪವರ್ತನಗಳು ಎರಡೆರಡು ಸಲ ಬರುವುದರಿಂದ 12345654321ಕ್ಕೆ ಒಟ್ಟು 243 ಭಾಜಕಗಳಿವೆ. ಅಂಕಿಗಳ ಮೊತ್ತ 36 ಆಗಿದ್ದು, 666666ರ ವರ್ಗವನ್ನು ಆ 36ರಿಂದ ಭಾಗಿಸಿದರೂ ಇದೇ ಸಂಖ್ಯೆ ದೊರೆಯುತ್ತದೆ.

ಇನ್ನೊಂದು ಮಾತು. ದಶಕ ಹುಟ್ಟದಿರುವುದೇ ಮೂಲ ಕಾರಣವಾದ್ದರಿಂದ ಈ ಗುಣ ದಶಮಾನ ಪದ್ಧತಿಗೆ ಸೀಮಿತವಲ್ಲ. ಏಳು ಅಥವಾ ಅದಕ್ಕಿಂತ ದೊಡ್ಡ ಯಾವುದೇ ಆಧಾರದ ಸಂಖ್ಯಾಪದ್ಧತಿಯಲ್ಲಿ 12345654321 ಎಂದು ಬರೆದರೂ ಅದು ಆ ಪದ್ಧತಿಯ 111111ರ ವರ್ಗವೇ ಆಗಿರುತ್ತದೆ. ಏಳರ ಆಧಾರದಲ್ಲಿ ಅತಿ ದೊಡ್ಡ ಅಂಕಿ 6. ನಡುವಿನ ಕಂಬಸಾಲು ಅಲ್ಲಿ ಸರಿಯಾಗಿ ಆ ಮಿತಿಗೇ ಬಂದು ನಿಲ್ಲುತ್ತದೆ.