ಪ್ಯಾನಿನಲ್ಲಿ ಕಾಣುವ ಚಿನ್ನ ಸ್ಲೂಯಿಸ್ ಬಾಕ್ಸಿನಲ್ಲಿ ಯಾಕೆ ನಿಲ್ಲುತ್ತಿಲ್ಲ?

ಮಡಚುವ ಸ್ಲೂಯಿಸ್ ಬಾಕ್ಸ್, ಅಂದರೆ ಹೊಳೆಯಲ್ಲಿಟ್ಟು ಮಣ್ಣಿನಿಂದ ಚಿನ್ನ ಬೇರೆ ಮಾಡುವ ಉದ್ದನೆಯ ತೊಟ್ಟಿ, ಕೊಂಡು ಮೂರು ಶನಿವಾರ ನ್ಯೂಜಿಲೆಂಡಿನ ಆ್ಯರೋ ನದಿಗೆ ಹೋದಿರಿ, ಮಣ್ಣು ಜಾಲಿಸುವ ಪ್ಯಾನಿನಲ್ಲಿ ಕಂಡ ಚಿನ್ನ ಬಾಕ್ಸಿನಲ್ಲಿ ಸಿಗಲಿಲ್ಲ ಅಂದಿದ್ದೀರಿ. ಪ್ಯಾನಿನಲ್ಲಿ ಕಂಡಿದೆ ಅಂದಮೇಲೆ ಜಾಗ ಸರಿಯಿದೆ. ನನ್ನ ಅನುಮಾನ ನೀರಿನ ಮೇಲೆ, ಅದಕ್ಕಿಂತ ಹೆಚ್ಚಾಗಿ ನೀವು ಬಾಕ್ಸ್ ಎತ್ತುವ ರೀತಿಯ ಮೇಲೆ.

ನಾನು ಗದಗ ಕಡೆಯವನು. ನಮ್ಮ ಅಜ್ಜಿ ಅಕ್ಕಿ ಜಾಲಿಸುವಾಗ ನೀರು ಅಲುಗಿಸಿ ಅಲುಗಿಸಿ ಅಕ್ಕಿಯನ್ನು ಇನ್ನೊಂದು ಪಾತ್ರೆಗೆ ಬಿಡುತ್ತಿದ್ದರು, ಕಲ್ಲು ತಳದಲ್ಲೇ ಉಳಿಯುತ್ತಿತ್ತು. ಕಪ್ಪತಗುಡ್ಡದ ಹಳ್ಳಗಳಲ್ಲಿ ಜಲಗಾರರು ಚಿನ್ನ ತೆಗೆಯುತ್ತಿದ್ದುದೂ ಹೀಗೆ ಮಣ್ಣು ಜಾಲಿಸಿಯೇ. ಸ್ಲೂಯಿಸ್ ಬಾಕ್ಸ್ ಮಾಡುವುದೂ ಅಷ್ಟೇ, ಕೈಯ ಬದಲು ಹೊಳೆ ಅಲುಗಿಸುತ್ತದೆ. ಸ್ಫಟಿಕ ಶಿಲೆಯ ಮರಳು ನೀರಿಗಿಂತ 2.65 ಪಟ್ಟು ಭಾರ, ಕಪ್ಪು ಮರಳಿನ ಮ್ಯಾಗ್ನಟೈಟ್ 5 ಪಟ್ಟು, ಶುದ್ಧ ಚಿನ್ನ 19 ಪಟ್ಟು. ನೀರು ಹದವಾಗಿದ್ದರೆ ಚಿನ್ನ ತಾನಾಗಿ ಕೆಳಗಿಳಿಯುತ್ತದೆ.

ಆ ಹದಕ್ಕೆ ಮೂರಡಿ ಬಾಕ್ಸಿಗೆ ಸುಮಾರು ಮೂರು ಇಂಚು ಇಳಿಜಾರು ಕೊಟ್ಟು ಶುರು ಮಾಡಿ. ಆಮೇಲೆ ಅಳತೆ ಮರೆತು ರಿಫಲ್‌ಗಳನ್ನು, ಅಂದರೆ ಅಡ್ಡಪಟ್ಟಿಗಳನ್ನು, ನೋಡುತ್ತಾ ಕೂರಿ. ಪಟ್ಟಿಯ ಹಿಂದೆ ಕಪ್ಪು ಮರಳು ಕುಣಿಯುತ್ತಿರಬೇಕು. ಅದು ಗಟ್ಟಿಯಾಗಿ ತುಂಬಿಕೊಂಡಿದ್ದರೆ ನೀರು ಸಾಲದು, ಹಿಂಭಾಗ, ಅಂದರೆ ನೀರು ಹೊರಬೀಳುವ ತುದಿ, ಕೊಂಚ ಇಳಿಸಿ. ತಳದ ಮ್ಯಾಟ್ ಬೋಳಾಗಿ ಕಂಡರೆ ಸೆಳೆತ ಜಾಸ್ತಿ, ಹಿಂಭಾಗ ಎತ್ತಿ. ಆ್ಯರೋದಲ್ಲಿ ಸಿಗುವುದು ಹೆಚ್ಚಾಗಿ ತೆಳ್ಳಗಿನ ಸಣ್ಣ ಹಳುಕು, ಜೋರು ನೀರಿಗೆ ನಿಲ್ಲುವುದಿಲ್ಲ. ಮಣ್ಣನ್ನು ಜರಡಿ ಹಿಡಿದೇ ಹಾಕಿ. ಸಲಿಕೆ ತುಂಬ ಒಮ್ಮೆಲೇ ಸುರಿದರೆ ಪಟ್ಟಿಗಳು ಹೂತುಹೋಗಿ, ಅಷ್ಟು ಹೊತ್ತು ಚಿನ್ನ ಮೇಲಿಂದಲೇ ಜಾರಿಹೋಗುತ್ತದೆ.

ಇನ್ನು ಎತ್ತುವ ವಿಷಯ. ಮೊದಲ ವರ್ಷ ನಾನು ಇಡೀ ದಿನ ಮಣ್ಣು ಹಾಕಿ, ಸಂಜೆ ಬಾಕ್ಸಿನ ಮುಂಭಾಗ ಹಿಡಿದು ಸರಕ್ಕನೆ ಎಳೆದೆ. ಒಳಗಿದ್ದ ನೀರೆಲ್ಲ ಒಂದೇ ಸಲ ಹಿಂದಕ್ಕೆ ನುಗ್ಗಿ, ಪಟ್ಟಿಗಳ ಹಿಂದಿದ್ದದ್ದನ್ನು ಗುಡಿಸಿಕೊಂಡು ಹೋಯಿತು. ಆ ಸಂಜೆಯ ಹೊಟ್ಟೆಯುರಿ ಇವತ್ತಿಗೂ ಆರಿಲ್ಲ. ಮೊದಲು ಮಣ್ಣು ಹಾಕುವುದು ನಿಲ್ಲಿಸಿ, ಒಂದೆರಡು ನಿಮಿಷ ಬರೀ ನೀರು ಹರಿಯಲಿ. ಬಾಕ್ಸ್ ಅಲುಗದಂತೆ ಮೇಲಿಟ್ಟ ಕಲ್ಲು ತೆಗೆಯಿರಿ. ಎರಡೂ ಕೈಯಲ್ಲಿ ಬದಿಗಳನ್ನು ಹಿಡಿದು, ಮಟ್ಟವಾಗಿ, ನಿಧಾನಕ್ಕೆ ನೇರ ಮೇಲೆತ್ತಿ. ದಡಕ್ಕೆ ತಂದು ಹಿಂಭಾಗವನ್ನು ದೊಡ್ಡ ಬಕೆಟ್ಟಿನೊಳಗೆ ನಿಲ್ಲಿಸಿದ ಮೇಲಷ್ಟೇ ರಿಫಲ್ ಕೊಕ್ಕೆ ಬಿಚ್ಚಿ. ಮ್ಯಾಟನ್ನು ಸುರುಳಿ ಸುತ್ತಿ ಅದೇ ಬಕೆಟ್ಟಿನಲ್ಲಿ ಜಾಲಾಡಿ. ಹೊಳೆಯಲ್ಲಿ ತೊಳೆಯಬೇಡಿ. ದಿನಕ್ಕೊಮ್ಮೆ ಅಲ್ಲ, ಎರಡು ಗಂಟೆಗೊಮ್ಮೆ ಹೀಗೆ ಮಾಡಿ.

ಬಕೆಟ್ಟಿನಲ್ಲಿ ಉಳಿದದ್ದನ್ನು ಪ್ಯಾನಿಗೆ ಹಾಕುವಾಗ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಬಿಡಿ. ಸಣ್ಣ ಹಳುಕು ತೇಲಿಹೋಗುವುದು ತಪ್ಪುತ್ತದೆ. ಪಾದರಸ ಬಳಸಿ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ, ಅದು ಹೊಳೆಗೂ ವಿಷ, ನಿಮಗೂ ವಿಷ.

ಆ್ಯರೋಟೌನ್ ಹತ್ತಿರ ಹವ್ಯಾಸಿಗಳಿಗೆಂದೇ ಬಿಟ್ಟಿರುವ ಪ್ರದೇಶದೊಳಗೆ ಪರ್ಮಿಟ್ ಬೇಡ, ಆದರೆ ಮೋಟಾರು ಪಂಪು ತರುವಂತಿಲ್ಲ. ನೀರು ತಿರುಗಿಸಲು ಕಟ್ಟಿದ ಕಲ್ಲಿನ ಒಡ್ಡನ್ನೂ ಹೊರಡುವ ಮುನ್ನ ಬಿಚ್ಚಿ.

ಮುಂದಿನ ಸಲ ಬಾಕ್ಸಿನ ಬಾಲದಿಂದ ಬೀಳುವ ಮಣ್ಣನ್ನು ಹಿಡಿದು ಒಂದು ಪ್ಯಾನ್ ಜಾಲಿಸಿ ನೋಡಿ. ಅದರಲ್ಲಿ ಚಿನ್ನ ಕಂಡರೆ ತಪ್ಪು ನೀರಿನ ಹದದಲ್ಲಿ ಅಥವಾ ಮಣ್ಣು ಹಾಕುವ ವೇಗದಲ್ಲಿ, ಕಾಣದಿದ್ದರೆ ಎತ್ತುವುದರಲ್ಲಿ. ನೀರು ಹರಿಯುತ್ತಿರುವಾಗಲೇ ರಿಫಲ್‌ಗಳ ಫೋಟೊ ತೆಗೆದು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.