ಸೀರಮ್, ಡೀವಾ, ಸಿಲೆಂತ್, ವೈಟಲ್: ಹೊಸಬರಿಗೆ ಮೊದಲ ಸಿಂಥ್ ಯಾವುದು?

ಸೀರಮ್ ಈಗ ಬೇಡ. ವೈಟಲ್ ಹಾಕಿಕೊಳ್ಳಿ, ಅದು ಉಚಿತ. ಶೀರ್ಷಿಕೆಯ ನಾಲ್ಕೂ ಸಿಂಥ್‌ಗಳು, ಅಂದರೆ ಸಂಗೀತದ ತಂತ್ರಾಂಶದೊಳಗೆ ಸೇರಿಸಿಕೊಂಡು ಶಬ್ದ ಹುಟ್ಟಿಸುವ ಪ್ಲಗಿನ್‌ಗಳು. ಮಿಕ್ಕಿದ್ದೆಲ್ಲ ಈ ಉತ್ತರದ ವಿವರಣೆ ಅಷ್ಟೆ.

ನೀವು ಬರೆದಿದ್ದನ್ನು ಒಮ್ಮೆ ಚಿಕ್ಕದಾಗಿ ಹೇಳಿಬಿಡುತ್ತೇನೆ, ಆಮೇಲೆ ಓದುವವರಿಗೂ ಗೊತ್ತಾಗಲಿ. ಸಂಗೀತ ತಯಾರಿಸುವ ತಂತ್ರಾಂಶ ಎಫ್‌ಎಲ್ ಸ್ಟುಡಿಯೋದಲ್ಲಿ ಹೊಸದಾಗಿ ಶುರು ಮಾಡಿದ್ದೀರಿ. 8 ಜಿಬಿ ರ‍್ಯಾಮ್ ಇರುವ ಹಳೆ ವಿಂಡೋಸ್ ಲ್ಯಾಪ್‌ಟಾಪ್. ಟ್ರಾನ್ಸ್, ಹೌಸ್ ಥರದ ಎಲೆಕ್ಟ್ರಾನಿಕ್ ನೃತ್ಯ ಸಂಗೀತ ಇಷ್ಟ. ಚಿಕ್ಕಂದಿನಲ್ಲಿ ಕರ್ನಾಟಕ ಸಂಗೀತ ಕಲಿತಿದ್ದೀರಿ, ಅದನ್ನೂ ಸ್ವಲ್ಪ ಸೇರಿಸಬೇಕು ಅಂತ ಆಸೆ. ಕೈಯಲ್ಲಿ ಹತ್ತು ಸಾವಿರ ಇದೆ. ಯೂಟ್ಯೂಬ್‌ನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಯಾರ ಮಾತು ಕೇಳಲಿ ಅಂತ ಪ್ರಶ್ನೆ.

ಮೊದಲು ಹಣದ ಲೆಕ್ಕ. ಸೀರಮ್ 2ರ ಪೂರ್ತಿ ಬೆಲೆ 249 ಡಾಲರ್, ನಮ್ಮ ದುಡ್ಡಲ್ಲಿ ಇಪ್ಪತ್ತು ಸಾವಿರ ದಾಟುತ್ತದೆ. ನಿಮ್ಮ ಬಜೆಟ್ಟಿಗೆ ಇದು ಎರಡು ಪಟ್ಟು. ಕಂತಿನಲ್ಲಿ ಕೊಳ್ಳುವ ದಾರಿ ಇದೆ, ಆದರೆ ಏನು ಬೇಕು ಅಂತಲೇ ಗೊತ್ತಿಲ್ಲದಾಗ ಕಂತು ಕಟ್ಟುವುದೇಕೆ? ಸೀರಮ್ ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಸ್ಟೀವ್ ಡೂಡಾ 2014ರಲ್ಲಿ ಮೊದಲ ಸೀರಮ್ ತಂದಾಗ ಅದರಲ್ಲಿ ನಿಜವಾಗಿ ಹಿಡಿಸಿದ್ದು ಒಂದು ವಿಷಯ: ಏನು ನಡೆಯುತ್ತಿದೆ ಅಂತ ಕಣ್ಣಿಗೆ ಕಾಣುತ್ತಿತ್ತು. ಅಲೆಯ ಆಕಾರ ಬದಲಾಗುವುದು, ಫಿಲ್ಟರ್ ಸರಿಯುವುದು, ಎಲ್ಲ ಪರದೆಯ ಮೇಲೆ. ಕಲಿಯುವವರಿಗೆ ಬೇಕಾದದ್ದು ಅದೇ. ಮ್ಯಾಟ್ ಟೈಟಲ್ 2020ರ ನವೆಂಬರ್‌ನಲ್ಲಿ ಬಿಟ್ಟ ವೈಟಲ್‌ನಲ್ಲಿ ಅದು ಇನ್ನೂ ಜಾಸ್ತಿ ಇದೆ, ನೀವು ಯಾವ ನಾಬ್‌ಗೆ ಏನನ್ನು ಜೋಡಿಸಿದ್ದೀರೋ ಅದು ಹೇಗೆ ಅಲುಗಾಡುತ್ತಿದೆ ಅಂತ ನಾಬ್ ಪಕ್ಕದಲ್ಲೇ ಕಾಣುತ್ತದೆ. ಉಚಿತ ಆವೃತ್ತಿಯಲ್ಲಿ ಪ್ರೀಸೆಟ್‌ಗಳು (ಮೊದಲೇ ಮಾಡಿಟ್ಟ ಶಬ್ದಗಳು) ಮತ್ತು ವೇವ್‌ಟೇಬಲ್‌ಗಳು (ಅಲೆಯ ಆಕಾರಗಳ ಸರಣಿಗಳು) ಕಡಿಮೆ, ಸಿಂಥ್ ಮಾತ್ರ ಅದೇ. ಪ್ರೀಸೆಟ್ ಕಡಿಮೆ ಇರುವುದು ನಿಮಗೆ ಒಳ್ಳೆಯದೇ ಅಂತ ನಾನಂತೂ ಹೇಳುತ್ತೇನೆ.

ಯಾಕೆ ಅಂತ ಕೇಳಿ. ಈ ‘ಯಾವ ಸಿಂಥ್ ಚೆನ್ನಾಗಿದೆ’ ಅನ್ನುವ ಜಗಳದಲ್ಲಿ ಮುಕ್ಕಾಲು ಪಾಲು ಜನ ಹೋಲಿಸುತ್ತಿರುವುದು ಪ್ರೀಸೆಟ್‌ಗಳನ್ನು. ಅದರಲ್ಲೂ ಪ್ರೀಸೆಟ್‌ನೊಳಗೆ ತುಂಬಿಸಿರುವ ಎಫೆಕ್ಟ್‌ಗಳನ್ನು. ನಂಬಿಕೆ ಬರದಿದ್ದರೆ ಒಂದು ಕೆಲಸ ಮಾಡಿ. ನಿಮಗೆ ತುಂಬಾ ಇಷ್ಟವಾದ, ಒಂದೇ ಕೀ ಒತ್ತಿದರೂ ಸ್ಟೇಡಿಯಂ ತುಂಬುವಂಥ ಒಂದು ಪ್ರೀಸೆಟ್ ತೆಗೆಯಿರಿ. ಎಫೆಕ್ಟ್ಸ್ ಪುಟಕ್ಕೆ ಹೋಗಿ ರಿವರ್ಬ್ ಆಫ್ ಮಾಡಿ. ಆಮೇಲೆ ಡಿಲೇ. ಆಮೇಲೆ ಕೋರಸ್, ಡಿಸ್ಟಾರ್ಷನ್, ಕಂಪ್ರೆಸರ್. ಕೊನೆಗೆ ಉಳಿಯುವುದು ಬಹಳ ಸಲ ಒಂದೆರಡು ಗರಗಸದ ಅಲೆ (ಸಾ ವೇವ್, ಗರಗಸದ ಹಲ್ಲಿನ ಆಕಾರದ ಅಲೆ) ಮತ್ತು ಒಂದು ಫಿಲ್ಟರ್. ಅಷ್ಟು ನಿಮ್ಮ ಎಫ್‌ಎಲ್ ಜೊತೆ ಬರುವ ತ್ರೀ ಎಕ್ಸ್ ಆಸ್ಕ್ ಅನ್ನುವ ಸರಳ ಸಿಂಥ್‌ನಲ್ಲೂ ಮಾಡಬಹುದು, ನೋಡಲು ಚೆಂದ ಇಲ್ಲ ಅನ್ನುವುದು ಬಿಟ್ಟರೆ.

ಈಗ ವೈಟಲ್‌ನಲ್ಲಿ ಎಲ್ಲಿಂದ ಶುರು ಮಾಡುವುದು ಅಂತ ಹೇಳುತ್ತೇನೆ. ಇದನ್ನು ಓದಿ ಬಿಡಬೇಡಿ, ಪಕ್ಕದಲ್ಲಿ ತೆರೆದುಕೊಂಡು ಮಾಡಿ.

ಮೆನುವಿನಲ್ಲಿ ಇನಿಷಿಯಲೈಸ್ ಪ್ರೀಸೆಟ್ ಅಂತ ಇರುತ್ತದೆ, ಅದನ್ನು ಒತ್ತಿ. ಎಲ್ಲ ಅಳಿಸಿ ಹೋಗಿ ಒಂದೇ ಆಸಿಲೇಟರ್ (ಅಲೆ ಹುಟ್ಟಿಸುವ ಭಾಗ) ಉಳಿಯುತ್ತದೆ, ಬರೀ ಗರಗಸದ ಅಲೆ. ಕೆಳಗಿನ ಆಕ್ಟೇವ್‌ನಲ್ಲಿ ಒಂದು ಸ್ವರ ನುಡಿಸಿ. ಕರಕರ ಅನ್ನುತ್ತದೆ, ಕಿವಿಗೆ ಹಿತ ಅನಿಸಲ್ಲ. ಫಿಲ್ಟರ್ 1 ಆನ್ ಮಾಡಿ, ಕಟಾಫ್ ಕೆಳಗೆ ಎಳೆಯಿರಿ. ಮೇಲಿನ ಆವರ್ತನಗಳು ಕತ್ತರಿಸಿಹೋಗಿ ಶಬ್ದ ಮಂಕಾಗುತ್ತದೆ. ಈಗ ಬಲಗಡೆ ಇರುವ ಎನ್ವಲಪ್ 2 (ಕೀ ಒತ್ತಿದ ಮೇಲೆ ಏನು ಹೇಗೆ ಏರಿಳಿಯಬೇಕು ಅಂತ ಹೇಳುವ ಗೆರೆ) ಹಿಡಿದು ಎಳೆದು ಕಟಾಫ್ ನಾಬ್ ಮೇಲೆ ಬಿಡಿ. ಎನ್ವಲಪ್‌ನ ಸಸ್ಟೇನ್ (ಕೀ ಹಿಡಿದಿರುವ ತನಕ ನಿಲ್ಲುವ ಮಟ್ಟ) ಸೊನ್ನೆಗೆ ಇಳಿಸಿ, ಡಿಕೇ (ಆ ಮಟ್ಟಕ್ಕೆ ಇಳಿಯುವ ಸಮಯ) ಅರ್ಧ ಸೆಕೆಂಡಿಗಿಂತ ಕಡಿಮೆ ಇಡಿ. ಮತ್ತೆ ನುಡಿಸಿ. ಒತ್ತಿದ ತಕ್ಷಣ ಫಿಲ್ಟರ್ ತೆರೆದುಕೊಂಡು ‘ಡ್ಯಾವ್’ ಅಂತ ಮುಚ್ಚಿಕೊಳ್ಳುತ್ತದೆ. ಹೌಸ್‌ನ ಬೇಸ್ ಬಹುಪಾಲು ಇದೇ. ಎನ್ವಲಪ್ 1, ಅಂದರೆ ಶಬ್ದದ ಜೋರನ್ನು ಹಿಡಿದಿರುವುದು, ಅದರ ಸಸ್ಟೇನ್ ಕೂಡ ಇಳಿಸಿ ಎರಡು ಆಕ್ಟೇವ್ ಮೇಲೆ ನುಡಿಸಿದರೆ ಪ್ಲಕ್, ತಂತಿ ಮೀಟಿದಂಥ ಶಬ್ದ. ಅದೇ ಎನ್ವಲಪ್‌ನ ಅಟ್ಯಾಕ್ (ಶಬ್ದ ಏರಲು ಬೇಕಾದ ಸಮಯ) ಒಂದೆರಡು ಸೆಕೆಂಡ್ ಮಾಡಿ ಸಸ್ಟೇನ್ ಏರಿಸಿ, ಫಿಲ್ಟರ್ ಸ್ವಲ್ಪ ತೆರೆದಿಟ್ಟು ಕಾರ್ಡ್ (ಒಟ್ಟಿಗೆ ಒತ್ತುವ ಕೆಲವು ಸ್ವರಗಳು) ಒತ್ತಿದರೆ ಪ್ಯಾಡ್, ಹಿನ್ನೆಲೆಯಲ್ಲಿ ಹರಡಿ ನಿಲ್ಲುವ ಶಬ್ದ. ಸಿಂಥ್ ಬದಲಾಗಲಿಲ್ಲ, ಆಸಿಲೇಟರ್ ಬದಲಾಗಲಿಲ್ಲ, ನಾಲ್ಕೈದು ನಾಬ್ ಅಷ್ಟೇ ಬದಲಾಗಿದ್ದು.

ಟ್ರಾನ್ಸ್ ಅಂದಿರಲ್ಲ, ಅದರ ಜೀವಾಳ ಸೂಪರ್‌ಸಾ. 1990ರ ದಶಕದಲ್ಲಿ ರೋಲ್ಯಾಂಡ್ ಜೆಪಿ-8000 ಅಂತ ಒಂದು ಕೀಬೋರ್ಡ್ ಬಂತು. ಏಳು ಗರಗಸದ ಅಲೆಗಳನ್ನು ಒಂದೇ ಸ್ವರಕ್ಕೆ ಸೇರಿಸಿ, ಒಂದಕ್ಕೊಂದು ಕೂದಲೆಳೆಯಷ್ಟು ಶ್ರುತಿ ತಪ್ಪಿಸಿ ಹರಡುತ್ತಿತ್ತು. ಅದೇ ಆ ದೊಡ್ಡ ಶಬ್ದ. ವೈಟಲ್‌ನಲ್ಲಿ ಯೂನಿಸನ್ (ಒಂದು ಸ್ವರಕ್ಕೆ ಎಷ್ಟು ಅಲೆ ಅನ್ನುವುದು) 7 ಮಾಡಿ, ಡಿಟ್ಯೂನ್ ನಿಧಾನವಾಗಿ ಏರಿಸಿ, ಸಿಕ್ಕಿತು. ಶ್ರುತಿಗೆ ಪಳಗಿದ ಕಿವಿಗೆ ಇದು ಮೊದಲು ಸ್ವಲ್ಪ ಹಿಂಸೆ ಅನಿಸಬಹುದು, ಬೇಕಂತಲೇ ಅಪಶ್ರುತಿ ಮಾಡುವುದಲ್ವಾ!

ಇಲ್ಲೇ ನಿಮ್ಮ ಲ್ಯಾಪ್‌ಟಾಪ್ ಮಾತು ಬರುತ್ತದೆ. ವೈಟಲ್‌ನಲ್ಲಿ ಯೂನಿಸನ್ 16ರವರೆಗೂ ಹೋಗುತ್ತದೆ. ಮೂರು ಆಸಿಲೇಟರ್‌ಗೂ 16 ಇಟ್ಟು ನಾಲ್ಕು ಸ್ವರದ ಒಂದು ಕಾರ್ಡ್ ಒತ್ತಿದರೆ 192 ಅಲೆಗಳನ್ನು ಪ್ರೊಸೆಸರ್ ಒಟ್ಟಿಗೆ ಲೆಕ್ಕ ಹಾಕಬೇಕು. ಫ್ಯಾನ್ ಕೂಗುತ್ತದೆ, ಶಬ್ದ ಪಟಪಟ ಒಡೆಯುತ್ತದೆ, ಜನ ‘ಈ ಪ್ಲಗಿನ್ ಸರಿ ಇಲ್ಲ’ ಅಂತ ಬರೆಯುತ್ತಾರೆ. ಏಳಕ್ಕೆ ನಿಲ್ಲಿಸಿ. ಸಾಮಾನ್ಯವಾಗಿ ಅಷ್ಟು ಸಾಕು. ಶಬ್ದ ತಯಾರಾದ ಮೇಲೆ ಆ ಟ್ರ್ಯಾಕನ್ನು ಆಡಿಯೋ ಮಾಡಿಟ್ಟುಕೊಂಡು ಸಿಂಥ್ ಆಫ್ ಮಾಡುವ ಅಭ್ಯಾಸ ಈಗಲೇ ಮಾಡಿಕೊಳ್ಳಿ. ಎಫ್‌ಎಲ್‌ನ ಫ್ರೂಟಿ ಆವೃತ್ತಿ ಕೊಳ್ಳುವ ಯೋಚನೆ ಇದ್ದರೆ ಒಂದು ವಿಷಯ ನೆನಪಿಡಿ, ಅದರಲ್ಲಿ ಆಡಿಯೋ ರೆಕಾರ್ಡ್ ಮಾಡಲು ಆಗಲ್ಲ, ಅದಕ್ಕೆ ಪ್ರೊಡ್ಯೂಸರ್ ಆವೃತ್ತಿಯೇ ಬೇಕು.

ಲ್ಯಾಪ್‌ಟಾಪಿನ ಮಿತಿಯ ಕಾರಣಕ್ಕೇ ಡೀವಾ ನಿಮಗೆ ಈಗ ಬೇಡ. ಬರ್ಲಿನ್‌ನ ಯು-ಹೆ ಕಂಪನಿಯದು, 2011ರದ್ದು, ಹಳೆ ಅನಲಾಗ್ ಯಂತ್ರಗಳ ಸರ್ಕ್ಯೂಟ್ ಹೇಗೆ ವರ್ತಿಸುತ್ತಿತ್ತೋ ಅದನ್ನೇ ಲೆಕ್ಕ ಹಾಕುತ್ತದೆ. ಕೇಳಲು ಬೆಣ್ಣೆ. ಆದರೆ ಪ್ರೊಸೆಸರನ್ನು ತಿಂದುಹಾಕುತ್ತದೆ, ಡ್ರಾಫ್ಟ್, ಫಾಸ್ಟ್, ಗ್ರೇಟ್, ಡಿವೈನ್ ಅಂತ ಅದರಲ್ಲೇ ನಾಲ್ಕು ಗುಣಮಟ್ಟ ಕೊಟ್ಟಿದ್ದಾರೆ ಅಂದರೆ ನೀವೇ ಯೋಚಿಸಿ. ಅಂಥ ಬೆಚ್ಚನೆಯ ಶಬ್ದದ ರುಚಿ ನೋಡಬೇಕಾದರೆ ಅದೇ ಕಂಪನಿಯ ಟೈರೆಲ್ ಎನ್6 ಉಚಿತ. ಟಾಲ್ ನಾಯ್ಸ್‌ಮೇಕರ್ ಕೂಡ ಉಚಿತ, ತುಂಬಾ ಹಗುರ. ಸಿಲೆಂತ್ ಬಗ್ಗೆ ಜಾಸ್ತಿ ಹೇಳಲ್ಲ. ಹಗುರವಾಗಿದೆ, ಟ್ರಾನ್ಸ್‌ನವರು ವರ್ಷಗಟ್ಟಲೆ ಬಳಸಿದ್ದಾರೆ, ಆದರೆ ಅದು ಮಾಡುವ ಕೆಲಸಕ್ಕೆ ಈಗ ದುಡ್ಡು ಕೊಡಬೇಕಿಲ್ಲ.

ಎರಡನೆಯ ಸಿಂಥ್ ಬೇಕು ಅನಿಸಿದರೆ ವೈಟಲ್‌ನಂಥದ್ದೇ ಇನ್ನೊಂದು ತರಬೇಡಿ. ಶಬ್ದ ಹುಟ್ಟಿಸುವ ರೀತಿಯೇ ಬೇರೆ ಇರುವುದನ್ನು ತನ್ನಿ. ಡೆಕ್ಸ್‌ಡ್ ಅಂತ ಒಂದು ಉಚಿತ ಪ್ಲಗಿನ್ ಇದೆ, ಯಮಾಹಾ 1983ರಲ್ಲಿ ತಂದ ಡಿಎಕ್ಸ್7 ಅನ್ನುವ ಕೀಬೋರ್ಡಿನ ನಕಲು. ಮೂಲ ಡಿಎಕ್ಸ್7ನಲ್ಲಿ ಫಿಲ್ಟರ್ ಇರಲಿಲ್ಲ. ಒಂದು ಅಲೆ ಇನ್ನೊಂದು ಅಲೆಯನ್ನು ಅತಿ ವೇಗವಾಗಿ ಅಲುಗಾಡಿಸುವುದರಿಂದ ಹೊಸ ಸ್ವನಗಳು ಹುಟ್ಟುತ್ತವೆ. ಎಫ್‌ಎಂ ಅನ್ನುವುದು ಇದಕ್ಕೇ, ಸ್ಟ್ಯಾನ್‌ಫರ್ಡ್‌ನಲ್ಲಿ ಜಾನ್ ಚೌನಿಂಗ್ ಕಂಡುಕೊಂಡಿದ್ದು. ಗಂಟೆ, ಲೋಹದ ಟಣ್ ಅನ್ನುವ ಶಬ್ದ, 80ರ ದಶಕದ ಆ ಗಾಜಿನಂಥ ಎಲೆಕ್ಟ್ರಿಕ್ ಪಿಯಾನೋ ಇದರ ಕಡೆಯವು. ಆರು ಆಪರೇಟರ್ (ಅಲೆ ಹುಟ್ಟಿಸುವ ಘಟಕ), 32 ಅಲ್ಗಾರಿದಮ್ (ಅವನ್ನು ಜೋಡಿಸುವ ಬಗೆ) ನೋಡಿ ತಲೆ ಕೆಡುತ್ತದೆ, ಮೊದಲು ಎರಡೇ ಆಪರೇಟರ್ ಇಟ್ಟುಕೊಂಡು ಮಿಕ್ಕಿದ್ದನ್ನು ಮುಚ್ಚಿ ಆಡಿ.

ಕರ್ನಾಟಕ ಸಂಗೀತದ ವಿಷಯಕ್ಕೆ ಬರುತ್ತೇನೆ, ನಿಮ್ಮ ಪ್ರಶ್ನೆಯಲ್ಲಿ ನನಗೆ ಹಿಡಿಸಿದ ಭಾಗ ಇದು. 1982ರಲ್ಲೇ ಮುಂಬೈಯಲ್ಲಿ ಚರಣ್‌ಜಿತ್ ಸಿಂಗ್ ರೋಲ್ಯಾಂಡ್‌ನ ಜ್ಯೂಪಿಟರ್-8, ಟಿಬಿ-303, ಟಿಆರ್-808 ಅನ್ನುವ ಎಲೆಕ್ಟ್ರಾನಿಕ್ ವಾದ್ಯಗಳನ್ನು ಇಟ್ಟುಕೊಂಡು ಹಿಂದುಸ್ತಾನಿ ರಾಗಗಳನ್ನು ಡಿಸ್ಕೋ ತಾಳಕ್ಕೆ ನುಡಿಸಿ ರೆಕಾರ್ಡ್ ಬಿಟ್ಟಿದ್ದರು. ಆಗ ಯಾರೂ ಅಷ್ಟು ಗಮನಿಸಲಿಲ್ಲ. 2010ರಲ್ಲಿ ಮತ್ತೆ ಹೊರಬಂದಾಗ ಆಸಿಡ್ ಹೌಸ್ ಬರುವ ಮೊದಲೇ ಇದಿತ್ತಾ ಅಂತ ಜನ ಬೆರಗಾದರು. ಹುಡುಕಿ ಕೇಳಿ. ಅದರಲ್ಲಿ ಸ್ವರದಿಂದ ಸ್ವರಕ್ಕೆ ಜಾರುವುದನ್ನು ಗಮನಿಸಿ, 303ರಲ್ಲಿ ಸ್ಲೈಡ್ ಅಂತಲೇ ಒಂದು ಸೌಲಭ್ಯ ಇತ್ತು.

ನೀವು ಅದನ್ನು ವೈಟಲ್‌ನಲ್ಲಿ ಮಾಡಲು ವಾಯ್ಸ್ (ಒಟ್ಟಿಗೆ ನುಡಿಯುವ ಸ್ವರಗಳ ಸಂಖ್ಯೆ) ಒಂದಕ್ಕೆ ಇಳಿಸಿ, ಲೆಗಾಟೋ ಆನ್ ಮಾಡಿ, ಗ್ಲೈಡ್ ಸ್ವಲ್ಪ ಕೊಡಿ. ಜಾರು ಬರುತ್ತದೆ. ಆದರೆ ಗಮಕ ಅಷ್ಟಕ್ಕೇ ಬರಲ್ಲ. ಕೆಲವರು ಪಿಚ್‌ಗೆ ಎಲ್‌ಎಫ್‌ಓ (ನಾಬ್‌ಗಳನ್ನು ತಾನಾಗಿ ಅಲುಗಾಡಿಸುವ ನಿಧಾನದ ಅಲೆ) ಜೋಡಿಸಿ ಅಲುಗಾಡಿಸಿ ಗಮಕ ಅನ್ನುತ್ತಾರೆ, ಕೇಳಿದರೆ ನಿಮ್ಮ ಮೇಷ್ಟ್ರು ಎದ್ದು ಹೋಗುತ್ತಾರೆ. ಎಲ್‌ಎಫ್‌ಓ ಒಂದೇ ಸಮ ಓಲಾಡುತ್ತದೆ. ತೋಡಿಯ ಗಾಂಧಾರ ಹಾಗೆ ಓಲಾಡುತ್ತದಾ? ಪಿಚ್ ಬೆಂಡ್ ಮಿತಿಯನ್ನು ಐದೋ ಏಳೋ ಸೆಮಿಟೋನ್‌ಗೆ ಏರಿಸಿ, ವೀಲ್ ಕೈಯಲ್ಲಿ ಹಿಡಿದು ನುಡಿಸಿ, ಇಲ್ಲ ಅಂದರೆ ಆಟೊಮೇಷನ್ ಗೆರೆಯನ್ನು ನೀವೇ ಎಳೆಯಿರಿ. ಮೊದಲು ಬಾಯಲ್ಲಿ ಹಾಡಿ ರೆಕಾರ್ಡ್ ಮಾಡಿಕೊಂಡು ಅದರ ಪಕ್ಕ ಗೆರೆ ಎಳೆದರೆ ಸುಲಭ. ಹನ್ನೆರಡು ಸಮ ಪಾಲಿನ ಶ್ರುತಿ ಬೇಡ, ಬೇರೆ ಶ್ರುತಿ ಬೇಕು ಅಂದರೆ ಸರ್ಜ್ ಎಕ್ಸ್‌ಟಿ ನೋಡಿ. ಅದೂ ಉಚಿತ, ಓಪನ್ ಸೋರ್ಸ್, ಸ್ಕಾಲಾ ಶ್ರುತಿ ಫೈಲುಗಳನ್ನು ನೇರವಾಗಿ ತೆಗೆದುಕೊಳ್ಳುತ್ತದೆ. ನೋಡಲು ಸ್ವಲ್ಪ ಇಕ್ಕಟ್ಟು ಅನಿಸುತ್ತದೆ, ಹಾಗಾಗಿ ಮೊದಲ ದಿನವೇ ಅದನ್ನು ತೆರೆಯಿರಿ ಅಂತ ಹೇಳಲ್ಲ. ನಾನು ಜಾಸ್ತಿ ಬಳಸುವುದು ಮಾತ್ರ ವೈಟಲ್ ಮತ್ತು ಇದು, ಎರಡೇ.

ಕ್ರ್ಯಾಕ್ (ಕದ್ದ ಪ್ರತಿ) ಹಾಕಿಕೊಳ್ಳಲಾ ಅಂತ ನೀವು ಕೇಳಿಲ್ಲ, ಆದರೆ ಯಾರಾದರೂ ಟೆಲಿಗ್ರಾಂ ಲಿಂಕ್ ಕಳಿಸಿಯೇ ಕಳಿಸುತ್ತಾರೆ. ಹಾಕಬೇಡಿ. ತಪ್ಪು ಅನ್ನುವುದು ಒಂದು ಕಡೆ, ಆ ಫೈಲುಗಳ ಜೊತೆ ಏನೇನು ಬರುತ್ತದೋ ಯಾರಿಗೆ ಗೊತ್ತು, ನಿಮ್ಮ ಬ್ಯಾಂಕ್ ಕೆಲಸವೂ ಅದೇ ಲ್ಯಾಪ್‌ಟಾಪಿನಲ್ಲಿ ತಾನೇ. ಇಷ್ಟೊಂದು ಉಚಿತವಾಗಿ ಸಿಗುವಾಗ ಸುಮ್ನೆ ಯಾಕೆ ಆ ತಲೆನೋವು.

ಎಫ್‌ಎಲ್ ಸ್ಟುಡಿಯೋ ಟ್ರಯಲ್‌ನಲ್ಲಿದ್ದೀರಾ, ಕೊಂಡಿದ್ದೀರಾ ಅಂತ ನೀವು ಬರೆದಿಲ್ಲ. ಟ್ರಯಲ್ ಆದರೆ ಪ್ರಾಜೆಕ್ಟ್ ಸೇವ್ ಆಗುತ್ತದೆ, ಕೊಳ್ಳುವ ತನಕ ಅದನ್ನು ಮತ್ತೆ ಪೂರ್ತಿ ತೆರೆಯಲು ಬಿಡಲ್ಲ. ಹಾಗಿದ್ದರೆ ಆ ಹತ್ತು ಸಾವಿರದ ಮೊದಲ ಖರ್ಚು ಅದೇ ಆಗಲಿ, ಒಮ್ಮೆ ಕೊಂಡರೆ ಮುಂದಿನ ಅಪ್‌ಡೇಟ್ ಎಲ್ಲ ಉಚಿತ. ಪ್ರೊಡ್ಯೂಸರ್‌ಗೆ ಹಣ ಸಾಲದಿದ್ದರೆ ಫ್ರೂಟಿಗೆ ಕೈಹಾಕುವ ಬದಲು ನವೆಂಬರ್ ಸೇಲ್‌ವರೆಗೆ ಕಾಯಿರಿ.

ಈಗಾಗಲೇ ಕೊಂಡಿದ್ದರೆ ಒಂದು ಒಳ್ಳೆ ಹೆಡ್‌ಫೋನ್ ತೆಗೆದುಕೊಳ್ಳಿ. ಬೇಸ್‌ನ ಮೂಲ ಸ್ವನ 50 ಹರ್ಟ್ಸ್ ಆಸುಪಾಸು ಇರುತ್ತದೆ, ಲ್ಯಾಪ್‌ಟಾಪ್ ಸ್ಪೀಕರ್‌ನಲ್ಲಿ ಅದು ಕೇಳಿಸುವುದೇ ಇಲ್ಲ, ಕೇಳಿಸದ್ದನ್ನು ಏನಂತ ತಿದ್ದುತ್ತೀರಿ? ಬ್ಲೂಟೂತ್ ಬೇಡ, ಕೀ ಒತ್ತಿದ ಮೇಲೆ ಶಬ್ದ ತಡವಾಗಿ ಬರುತ್ತದೆ, ತಂತಿಯದ್ದೇ ಇರಲಿ. ಉಳಿದ ದುಡ್ಡಿಗೆ 25 ಕೀಗಳ ಒಂದು ಚಿಕ್ಕ ಮಿಡಿ ಕೀಬೋರ್ಡ್ (ಕಂಪ್ಯೂಟರ್‌ನ ಸಿಂಥ್ ನುಡಿಸಲು ಬಳಸುವುದು), ಪಿಚ್ ಬೆಂಡ್‌ಗೆ ನಿಜವಾದ ವೀಲ್ ಇದೆಯಾ ಅಂತ ನೋಡಿ ಕೊಳ್ಳಿ. ಕೆಲವದರಲ್ಲಿ ಬರೀ ಬಟನ್ ಕೊಟ್ಟಿರುತ್ತಾರೆ, ನಿಮಗೆ ಅದು ಆಗಲ್ಲ. ಎಫ್‌ಎಲ್‌ನ ಆಡಿಯೋ ಸೆಟ್ಟಿಂಗ್‌ನಲ್ಲಿ ಎಎಸ್‌ಐಓ ಡ್ರೈವರ್ (ಶಬ್ದ ತಡವಾಗದಂತೆ ನೋಡಿಕೊಳ್ಳುವುದು) ಆಯ್ದುಕೊಂಡು ಬಫರ್ 256ಕ್ಕೆ ಇಟ್ಟು ನೋಡಿ, 44,100 ದರದಲ್ಲಿ ಆ ಬಫರ್‌ನ ತಡ ಸುಮಾರು 6 ಮಿಲಿಸೆಕೆಂಡ್. ಶಬ್ದ ಒಡೆದರೆ 512 ಮಾಡಿ. ಆಗಲೂ ಒಡೆದರೆ ಯಾವ ಪ್ರೊಸೆಸರ್, ವೈಟಲ್‌ನಲ್ಲಿ ಯೂನಿಸನ್ ಎಷ್ಟಿದೆ ಅಂತ ಇಲ್ಲೇ ಬರೆಯಿರಿ, ನೋಡೋಣ.